ಭಾಲ್ಕಿಯ ಹೋರಿಗೆ ಪರದೇಶಿ ತೀರ್ಪುಗಾರ

ರಾಯಚೂರು

ಬೀದರಕ್ಕೆ ಹೋಗಿಬಂದದ್ದನ್ನು ಪರದೇಶ ಪ್ರವಾಸವೆಂದು ಬರೆಯುತ್ತೇನೆ ಎಂದಾಗ ನನ್ನ ಭಾವಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲ್ಲೂ ಕನ್ನಡವೇ ಆಡ್ತಾರಲ್ಲ ಭಾವ, ಅದು ಹ್ಯಾಗೆ ಪರದೇಶ?" ಎಂದ. ಅವನು ಮಂಡ್ಯ ದಾಟಿದವನಲ್ಲ. ನಾನು ಹೋದ ಚಳಿಗಾಲಕ್ಕೆ ಪೊಲೀಸ್ ಕಾರ್ಯಾಚರಣೆ ಮುಗಿದು ಒಂದೂವರೆ ವರ್ಷವೂ ಆಗಿರಲಿಲ್ಲ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತ್ತು ನಿಜ. ಆದರೆ ಅಲ್ಲಿಯ ನಾಣ್ಯ ಬೇರೆ, ಅಂಚೆ ಚೀಟಿ ಬೇರೆ, ಜನರ ಬಾಯಲ್ಲಿ ತಿಂಗಳುಗಳ ಹೆಸರೂ ಬೇರೆ. ಪೆಟ್ಟಿಗೆ ಬಿಚ್ಚಿ ತೋರಿಸದವನನ್ನು ಒಳಗೆ ಬಿಡದ ನಾಡು ಪರದೇಶವಲ್ಲದೆ ಇನ್ನೇನು?

ನಾನು ಮೈಸೂರು ಸರ್ಕಾರದ ದನದ ಡಾಕ್ಟರು. ಭಾಲ್ಕಿಯಲ್ಲಿ ನಡೆಯುವ ವಾರ್ಷಿಕ ಜಾನುವಾರು ಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗೆಂದು ಮೇಲಿನವರ ಆಜ್ಞೆಯಾಗಿತ್ತು. ಅಲ್ಲಿನವರ ತೀರ್ಪನ್ನು ಅಲ್ಲಿನವರೇ ಒಪ್ಪುವುದಿಲ್ಲವಂತೆ. ಯಾರ ನೆಂಟನೂ ಅಲ್ಲದವನೊಬ್ಬ ಬೇಕಾಗಿದ್ದನಂತೆ. ಹಳ್ಳಿಕಾರ್ ಎತ್ತುಗಳ ನಾಡಿನಿಂದ ಹೊರಟ ನನಗೆ, ಜೋಲು ಕಿವಿಯ ದನಗಳನ್ನು ನೋಡಲು ಎರಡು ದಿನ ರೈಲಿನಲ್ಲಿ ಕೂರುವುದು ಶಿಕ್ಷೆಯಂತೆಯೇ ಕಂಡಿತು.

ರಾಯಚೂರಿನಲ್ಲಿ ಸುಂಕದವನು ನನ್ನ ಪೆಟ್ಟಿಗೆಯಿಂದ ಕಾಫಿಪುಡಿಯ ಡಬ್ಬಿ ಎತ್ತಿದ. ಮುಚ್ಚಳ ತೆಗೆದು ಮೂಸಿದ. ಅವನ ಮುಖ ಗಂಭೀರವಾಯಿತು.

"ಇದು ಬಾರೂದ ಅದ ಏನ್ರಿ?"

"ಬಾರೂದ ಅಂದ್ರೆ?"

"ಮದ್ದು ರಿ. ಬಂದೂಕಿಗಿ ತುಂಬೂದು."

ಇದು ಬೀಜ ಹುರಿದು ಪುಡಿ ಮಾಡಿದ್ದು, ಕುಡಿಯಲಿಕ್ಕೆ ಎಂದೆ. ಅವನಿಗೆ ಅನುಮಾನ ಇನ್ನೂ ಹೆಚ್ಚಾಯಿತು. ಇಬ್ಬರು ಸಿಪಾಯಿಗಳನ್ನು ಕರೆದ. ಮೂವರೂ ಡಬ್ಬಿಯ ಸುತ್ತ ಕುಕ್ಕರುಗಾಲಿನಲ್ಲಿ ಕೂತು ಚರ್ಚಿಸಿದರು. ಕೊನೆಗೆ ಅವರಲ್ಲಿ ಧೈರ್ಯವಂತನೊಬ್ಬ ಚಿಟಿಕೆ ಪುಡಿಯನ್ನು ನಾಲಿಗೆಗೆ ಹಚ್ಚಿಕೊಂಡು ಥೂ ಎಂದು ಉಗಿದ. "ಬಾರೂದ ಅಲ್ರಿ. ಬಾರೂದ ಇಷ್ಟು ಕೆಟ್ಟ ಇರಂಗಿಲ್ಲ" ಎಂದು ತೀರ್ಪು ಕೊಟ್ಟ. ನಮ್ಮ ಮನೆಯ ಕಾಫಿಯ ಬಗ್ಗೆ ಅಂಥ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಬೀದರ

ವಾಡಿಯಲ್ಲೊಮ್ಮೆ, ವಿಕಾರಾಬಾದಿನಲ್ಲೊಮ್ಮೆ ರೈಲು ಬದಲಿಸಿ ಬೀದರದಲ್ಲಿ ಇಳಿದಾಗ ಸ್ವಾಗತಕ್ಕೆ ಬಂದಿದ್ದವನು ಒಬ್ಬನೇ. ದನದ ದವಾಖಾನೆಯ ಕಂಪೌಂಡರ್ ಕಾಶೆಪ್ಪ. ಐವತ್ತರ ಹತ್ತಿರದ, ಹಣೆ ತುಂಬ ವಿಭೂತಿ ಧರಿಸಿದ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಸಣಕಲು ಮನುಷ್ಯ. ರೈಲು ಮೂರು ತಾಸು ತಡವಾಗಿತ್ತು. ಅದು ತನ್ನದೇ ತಪ್ಪು ಎಂಬಂತೆ ಕೈಮುಗಿದು ನಿಂತಿದ್ದ.

"ಭಾಳ ತರಾಸ ಆಯ್ತೇನ್ರಿ ಸಾಹೇಬ್ರ?"

ಅವನ ವಿನಯ ನನಗೆ ಮೊದಲ ಗಳಿಗೆಯಿಂದಲೇ ಬೇಸರ ತರಿಸಿತು. ಯಾವುದನ್ನು ಕೇಳಿದರೂ "ಹೌದ್ರಿ" ಎನ್ನುತ್ತಿದ್ದ. ಅದರ ಎದುರುಮಾತನ್ನು ಕೇಳಿದರೂ "ಅದೂ ಹೌದ್ರಿ" ಎನ್ನುತ್ತಿದ್ದ. ಈ ಸೀಮೆಯಲ್ಲಿ ಈ 'ರಿ' ಇಲ್ಲದೆ ಉಸಿರೂ ಹೊರಡುವುದಿಲ್ಲ. ನಮ್ಮ ಟಾಂಗಾಕ್ಕೆ ಅಡ್ಡ ಬಂದ ಸೈಕಲ್ಲಿನವನನ್ನು ಟಾಂಗಾದವನು "ಕತ್ತಿ ಇದ್ದೀರೇನ್ರಿ?" ಎಂದು ಬೈದ. ಕತ್ತೆಗೂ ಬಹುವಚನ ಕೊಡುವ ನಾಡು!

ಪ್ರದರ್ಶನದ ಕಾರ್ಯದರ್ಶಿಗಳು ಸಂಜೆ ನಾನು ಇಳಿದುಕೊಂಡಿದ್ದ ಬಂಗಲೆಗೆ ಬಂದರು. ಕಾರ್ಯಾಚರಣೆಯ ನಂತರ ಬೊಂಬಾಯಿ ಪ್ರಾಂತ್ಯದಿಂದ ಎರವಲು ಬಂದ ಅಧಿಕಾರಿ, ಧಾರವಾಡದ ಕಡೆಯವರು. ಅವರೂ ಇಲ್ಲಿ ಪರದೇಶಿಯೇ ಆದ್ದರಿಂದ ನಮಗೆ ಬೇಗ ಸ್ನೇಹವಾಯಿತು. ಇಲ್ಲಿಯ ನೀರು, ಇಲ್ಲಿಯ ಸೊಳ್ಳೆ, ಹಾಲಿನಲ್ಲಿ ಕುದಿಸಿ ಕುದಿಸಿ ಪಾಯಸ ಮಾಡಿದ ಇಲ್ಲಿಯ ಚಹಾ, ಎಲ್ಲವನ್ನೂ ಇಬ್ಬರೂ ಸೇರಿ ತೃಪ್ತಿಯಾಗುವಷ್ಟು ಬೈದೆವು. ಹೊರಡುವಾಗ ಅವರು ತಾವೇ ಬರೆದ ಒಂದು ಪುಸ್ತಿಕೆ ಕೊಟ್ಟರು. ಅದರ ಪ್ರಕಾರ ಈ ಪ್ರದರ್ಶನ ಬಹಮನಿ ಸುಲ್ತಾನರ ಕಾಲದ್ದು. ಅರಬ್ಬೀ ಕುದುರೆಗಳು ಸಮುದ್ರ ದಾಟಿ ಬಂದು ಬೀದರ ಕೋಟೆಯ ಮುಂದೆ ಸಾಲಾಗಿ ನಿಲ್ಲುತ್ತಿದ್ದವಂತೆ. ಆ ಪರಂಪರೆ ಒಂದು ವರ್ಷವೂ ಮುರಿಯದೆ ನಡೆದುಬಂದಿದೆಯಂತೆ.

ಪುಸ್ತಿಕೆಯನ್ನು ಕಾಶೆಪ್ಪನಿಗೆ ಓದಿ ಹೇಳಿ, "ಇದು ನಿಜವೇನಯ್ಯ?" ಎಂದೆ.

"ಹೌದ್ರಿ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ನಾ ನೌಕರಿಗಿ ಸೇರಿದ ಮ್ಯಾಲ ಸುರು ಆದದ್ದರಿ ಇದು. ಆಗಿನ ತಾಲ್ಲೂಕದಾರ ಸಾಹೇಬ್ರ ಕುದರಿ ಒಂದು ಚೆಂದನ ಮರಿ ಹಾಕಿತ್ತು. ಅದನ್ನ ಮಂದಿಗಿ ತೋರಸಬೇಕಂತ ಅವರಿಗಿ ಆಸಿ ಆಯ್ತು. ಮರಿ ಒಂದೇ ಇದ್ರ ಮಂದಿ ಬರಂಗಿಲ್ಲಂತ ದನಾನೂ ತರಸಿದ್ರು" ಎಂದ.

"ಒಂದು ವರ್ಷವೂ ಮುರಿದಿಲ್ಲವಂತಲ್ಲ?"

"ಹೋದ ಸಾಲ ಆಗಿಲ್ರಿ. ಆಗ ದನ ಯಾರ ಹತ್ರ ಇದ್ದವು?" ಎಂದವನು ಥಟ್ಟನೆ ಮಾತು ನಿಲ್ಲಿಸಿ, ನನ್ನ ಬೂಟುಗಳನ್ನು ಎತ್ತಿಕೊಂಡು ಒರೆಸಲು ಹೊರಗೆ ಹೋದ.

ನೌಬಾದ

ಮರುದಿನ ಬೆಳಿಗ್ಗೆ ಊರಂಚಿನ ನೌಬಾದಿಗೆ ಕರೆದೊಯ್ದರು. ಪ್ರದರ್ಶನದ ಮುಖ್ಯ ಆಕರ್ಷಣೆಯಾದ ನೇಜಾಬಾಜಿಯ ತಾಲೀಮು ಅಲ್ಲಿ ನಡೆದಿತ್ತು. ನೆಲಕ್ಕೆ ಒಂದು ಗೂಟ ಹೊಡೆದಿರುತ್ತಾರೆ. ಸವಾರ ಕುದುರೆಯನ್ನು ನಾಗಾಲೋಟದಲ್ಲಿ ಓಡಿಸಿಕೊಂಡು ಬಂದು ಈಟಿಯ ತುದಿಯಿಂದ ಆ ಗೂಟವನ್ನು ಕಿತ್ತುಕೊಂಡು ಹೋಗಬೇಕು. ಮೈಸೂರಿನಲ್ಲಿ ದಸರೆಯ ಕುದುರೆಗಳನ್ನು ಕಂಡ ಕಣ್ಣು ನನ್ನದು. ಇಲ್ಲಿ ಏಳು ಕುದುರೆಗಳಿದ್ದವು. ಒಂದೊಂದರ ಪಕ್ಕೆಲುಬನ್ನೂ ದೂರದಿಂದಲೇ ಎಣಿಸಬಹುದಿತ್ತು.

ಮೊದಲನೆಯ ಸವಾರನಿಗೆ ಗೂಟ ತಪ್ಪಿತು. ಎರಡನೆಯವನಿಗೂ ತಪ್ಪಿತು. ಮೂರನೆಯವನ ಕುದುರೆ ಗೂಟದ ಹತ್ತಿರ ಬಂದು ನಿಂತು, ಅದನ್ನು ಮೂಸಿ, ಪಕ್ಕದ ಹುಲ್ಲು ತಿನ್ನತೊಡಗಿತು. ಕಾರ್ಯದರ್ಶಿಗಳು ಆ ಸವಾರನನ್ನು ಎಲ್ಲರೆದುರು ಗದರಿದರು. ಅವನು ಸಂಸ್ಥಾನದ ಹಳೆಯ ದಂಡಿನಲ್ಲಿದ್ದು ಈಗ ಕೆಲಸ ಕಳೆದುಕೊಂಡವನು, ಬಿಳಿ ಗಡ್ಡದ ಮುದುಕ. ಇಳಿದು ಸಲಾಮು ಮಾಡಿ, "ಹುಜೂರ್, ಕುದರಿ ಕಾಳು ತಿಂದು ಭಾಳ ದಿನ ಆಗ್ಯಾವರಿ" ಎಂದ. ಕಾರ್ಯದರ್ಶಿಗಳು ಕುದುರೆಗಳಿಗೆ ಕಾಳು ಕೊಡಿಸುವ ಬದಲು ಗೂಟವನ್ನು ಇನ್ನೂ ದಪ್ಪದ್ದು ಮಾಡಿಸಿದರು. ಹಂದರದ ಕಂಬದಂಥ ಆ ಗೂಟವನ್ನು ನೋಡಿ ನಾನು ನಕ್ಕೆ. ಕಾಶೆಪ್ಪ ನಗಲಿಲ್ಲ.

ಭಾಲ್ಕಿ

ಪ್ರದರ್ಶನದ ದಿನ ರೈಲಿನಲ್ಲಿ ಭಾಲ್ಕಿಗೆ ಹೋದೆವು. ಸ್ಟೇಷನ್ನಿನ ಹತ್ತಿರದ ಮೈದಾನದಲ್ಲಿ ಸಾವಿರಾರು ಜನ. ಶಾಮಿಯಾನದ ಒಳಗೆ ಕುರ್ಚಿಗಳಲ್ಲಿ ಅಧಿಕಾರಿಗಳು, ಹೊರಗೆ ಬಿಸಿಲಿನಲ್ಲಿ ದನಗಳು, ಅವುಗಳ ಜೊತೆ ಅವುಗಳನ್ನು ಸಾಕಿದವರು. ಭಾಷಣಗಳು ನಾಲ್ಕು ಭಾಷೆಗಳಲ್ಲಿ ನಡೆದವು. ನಾಲ್ಕರಲ್ಲೂ ದನದ ಮಾತು ಬರಲಿಲ್ಲ. ಆಮೇಲೆ ಟಗರುಗಳ ಕಾಳಗ. ಗೆಲ್ಲಬೇಕಾದ ಟಗರು ಹಗ್ಗ ಹರಿದುಕೊಂಡು ನೇರವಾಗಿ ಶಾಮಿಯಾನಕ್ಕೆ ನುಗ್ಗಿ, ಭಾಷಣ ಮಾಡಿದ ಮಹನೀಯರೊಬ್ಬರ ಕುರ್ಚಿಗೆ ಗುದ್ದಿತು. ಇಡೀ ದಿನ ಪ್ರೇಕ್ಷಕರು ಮನಸಾರೆ ಚಪ್ಪಾಳೆ ಹೊಡೆದದ್ದು ಅದಕ್ಕೊಂದಕ್ಕೇ. ನೇಜಾಬಾಜಿಯಲ್ಲಿ ಆ ದಪ್ಪ ಗೂಟಕ್ಕೆ ಈಟಿಯೊಂದು ನೆಟ್ಟು ಮುರಿಯಿತು, ಗೂಟ ಅಲ್ಲಾಡಲಿಲ್ಲ.

ಮಧ್ಯಾಹ್ನ ಹೋರಿಗಳ ಸರದಿ. ಈ ಸೀಮೆಯ ದೇವಣಿ ತಳಿಯನ್ನು ನಾನು ಅದುವರೆಗೆ ಪುಸ್ತಕದಲ್ಲಷ್ಟೇ ನೋಡಿದ್ದೆ. ಇಪ್ಪತ್ತು ಹೋರಿ ನಿಂತಿದ್ದವು. ಹತ್ತೊಂಬತ್ತರ ಬಗ್ಗೆ ಹೇಳಲು ನನ್ನ ಹತ್ತಿರ ಒಳ್ಳೆಯ ಮಾತಿಲ್ಲ. ಇಪ್ಪತ್ತನೆಯದರ ಮುಂದೆ ನಾನು ನಿಂತುಬಿಟ್ಟೆ. ಹಾಲುಬಿಳುಪಿನ ಮೈ, ಅದರ ಮೇಲೆ ಅಲ್ಲಲ್ಲಿ ಮಸಿ ಚೆಲ್ಲಿದಂಥ ಕರಿ ಮಚ್ಚೆ, ಗುಮ್ಮಟದಂಥ ಹಿಣಿಲು, ಕಂಬದಂಥ ಕಾಲು. ಜೋಲು ಕಿವಿಯನ್ನೂ ಕ್ಷಮಿಸಿದೆ. ಹಳ್ಳಿಕಾರ್ ಬಿಟ್ಟರೆ ದನವಿಲ್ಲ ಎನ್ನುವ ನನ್ನ ಬಾಯಿಗೆ ಆ ಹೋರಿ ಬೀಗ ಹಾಕಿತು.

ಅದರ ಒಡೆಯ ಗುಂಡೇರಾವ ಪಾಟೀಲ ಪಕ್ಕದಲ್ಲಿ ನಿಂತಿದ್ದ. ಗುಲಾಬಿ ಬಣ್ಣದ ರುಮಾಲು, ಎತ್ತರದ ಆಳು. ನಾನು ಹೋರಿಯ ಹಲ್ಲು ನೋಡಿದೆ, ಗೊರಸು ನೋಡಿದೆ, ಕತ್ತಿನ ಕೆಳಗೆ ಜೋಲುವ ಗಂಗೆದೊಗಲನ್ನು ಸವರಿದೆ. ಬೆರಳಿಗೆ ಏನೋ ಗಂಟುಗಂಟಾಗಿ ಸಿಕ್ಕಿತು. ಎತ್ತಿ ನೋಡಿದರೆ ಹಳೆಯ ಗಾಯದ ಗುರುತು, ಏಳು ಹೊಲಿಗೆ.

"ಇದೇನಯ್ಯ?" ಎಂದು ಕಾಶೆಪ್ಪನನ್ನು ಕೇಳಿದೆ.

"ಹುಟ್ಟಾ ಇರಬೇಕ್ರಿ" ಎಂದ, ಹೋರಿಯ ಕಡೆ ನೋಡದೆ.

ಹುಟ್ಟುವಾಗಲೇ ಹೊಲಿಗೆ ಹಾಕಿಸಿಕೊಂಡು ಬರುವ ಕರು ಈ ಪರದೇಶದಲ್ಲಿ ಮಾತ್ರ ಸಿಗಬಹುದು ಎಂದುಕೊಂಡೆ. ಇಂಥ ದಡ್ಡನನ್ನು ಕಂಪೌಂಡರ್ ಮಾಡಿದವರನ್ನು ಮನಸ್ಸಿನಲ್ಲೇ ಬೈದೆ.

ಅಷ್ಟರಲ್ಲಿ ಹಗ್ಗದ ಆಚೆಯಿಂದ ಒಂದು ಹೆಂಗಸಿನ ದನಿ ಬಂತು.

"ಡಾಕ್ಟರ ಸಾಬ, ಆ ಹೋರಿ ನಂದು ಅದರಿ."

ನಲವತ್ತು ದಾಟಿರಬೇಕು. ಮಾಸಿದ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು. ಸಿಪಾಯಿಯೊಬ್ಬ ಅವಳನ್ನು ಹಿಂದಕ್ಕೆ ತಳ್ಳಲು ಹೋದ. ನಾನು ತಡೆದೆ. ನ್ಯಾಯಪ್ರೀತಿಯಿಂದಲ್ಲ, ಆ ಹೊಲಿಗೆಯ ಕುತೂಹಲದಿಂದ.

"ನಿನ್ನದು ಅಂತ ಹ್ಯಾಗೆ ಹೇಳ್ತೀಯಮ್ಮ?"

"ನನ್ನ ಹೆಸರು ಹುಸೇನ್ ಬೀ ರಿ. ಔರಾದದಾಕಿ. ನನ್ನ ಗಂಡ ಮದಾರ ಸಾಬ ಇದನ್ನ ಕರು ಇದ್ದಾಗಿಂದ ಸಾಕ್ಯಾರಿ. ಬೇಲಿ ಮುಳ್ಳು ಹರದು ಗಂಗಿದೊಗಲು ಸೀಳಿತ್ತು. ಔರಾದ ದವಾಖಾನಿಯಾಗ ಹೊಲಿಸಿದ್ವಿ. ದಾರ ತೀರಿತ್ತಂತ ಕುದರಿ ಬಾಲದ ಕೂದಲಿಂದ ಹೊಲದ್ರು. ಏಳು ಹೊಲಿಗಿ. ನಾನೇ ಕಾಲು ಕಟ್ಟಿ ಹಿಡದೀನ್ರಿ." ಕೈ ಚಾಚಿ ತೋರಿಸಿದಳು. "ಹೊಲದವರು ಇಲ್ಲೇ ನಿಂತಾರಲ್ಲ. ಆಗ ಔರಾದದಾಗ ಇದ್ದ ಕಾಶೆಪ್ಪಣ್ಣನ್ನ ಕೇಳ್ರಿ."

ಕಾಶೆಪ್ಪ ನೆಲ ನೋಡುತ್ತಿದ್ದ. ಅವನ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗೆ ಇಳಿದಿತ್ತು. ನನಗೆ ಅರ್ಥವಾಯಿತು. ಹುಟ್ಟಾ ಇರಬೇಕ್ರಿ ಎಂದವನು ದಡ್ಡನಲ್ಲ, ಹೆದರಿದವನು.

ಪಾಟೀಲ ಹಗ್ಗದ ಹತ್ತಿರಕ್ಕೆ ಬಂದ. "ಬೇವಾರಸಿ ದನ ಅಂತ ಸರಕಾರದವರು ಹರಾಜು ಹಾಕ್ಯಾರ. ಮಂದಿ ಮುಂದ ತಗೊಂಡೀನಿ. ಪಾವತಿ ಅದ ನನ್ನ ಹತ್ರ."

"ಬೇವಾರಸಿ ಹ್ಯಾಂಗಾಯ್ತರಿ ಪಾಟೀಲ್ರ?" ಎಂದಳು ಹುಸೇನ್ ಬೀ. "ನಾ ಇದ್ದೆನಲ್ಲ."

"ನೀ ಎಲ್ಲಿದ್ದಿ? ಮನಿಗಿ ಕೀಲಿ ಬಿದ್ದಿತ್ತು."

"ಜೀವ ಉಳಸಕೊಳ್ಳಾಕ ಹೋಗಿದ್ದೆ ರಿ. ದಂಡು ಬಂದ ಆ ದಿನಗಳಾಗ ನನ್ನ ಗಂಡ ಹೊಲಕ್ಕ ಹೋದವರು ತಿರುಗಿ ಬರಲಿಲ್ಲ. ನಾ ಬಂದೀನಿ. ಬರೂದ್ರಾಗ ಕೊಟ್ಟಿಗಿ ಖಾಲಿ."

ಪಾಟೀಲನ ಮುಖ ಕೆಂಪೇರಿತು. "ಅದರ ಮೊದಲ ರಜಾಕಾರರು ನನ್ನ ಬಣವಿ ಸುಟ್ರಲ್ಲ, ನನ್ನ ಎತ್ತು ಹೊಡಕೊಂಡು ಹೋದ್ರಲ್ಲ, ಆಗ ಯಾವ ಡಾಕ್ಟ್ರು ಬಂದು ಕೇಳಿದ್ರು?"

"ಸುಟ್ಟವರು ನನ್ನ ಗಂಡ ಅಲ್ರಿ. ನಿಮಗ ಗೊತ್ತದ."

ಪಾಟೀಲನಿಗೆ ಗೊತ್ತಿತ್ತು ಎನ್ನುವುದು ಅವನ ಮುಖದಲ್ಲೇ ಇತ್ತು. ಅವನ ಬಣವೆ ಸುಟ್ಟದ್ದೂ ಸುಳ್ಳಲ್ಲ ಎಂದು ನನಗನಿಸಿತು. ಅಲ್ಲಿಯವರೆಗೆ ಎಲ್ಲವನ್ನೂ ನಗುತ್ತ ನೋಡುತ್ತಿದ್ದ ನನಗೆ ಆ ಇಬ್ಬರ ನಡುವೆ ನಿಲ್ಲಲು ನೆಲ ಸಿಗಲಿಲ್ಲ.

ಕಾರ್ಯದರ್ಶಿಗಳು ಓಡಿಬಂದರು. ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು.

"ಡಾಕ್ಟ್ರ, ಇದು ಕೋರ್ಟ್ ಅಲ್ಲ. ನೀವು ಹೋರಿ ನೋಡಲಿಕ್ಕೆ ಬಂದೀರಿ. ಹೋರಿ ನೋಡ್ರಿ, ನಂಬರ್ ಹಾಕ್ರಿ, ಮುಗೀತು."

"ಹೊಲಿಗೆ ಹಾಕಿದವನು ಇಲ್ಲೇ ಇದ್ದಾನಲ್ಲ, ಒಂದು ಮಾತು ಕೇಳೋಣ."

"ಅವನ ತಂಗಿಯನ್ನ ಪಾಟೀಲರ ಊರಿಗೇ ಕೊಟ್ಟಾರ. ಅವ ಏನು ಹೇಳ್ತಾನ? ಸುಮ್ನೆ ಬಡವನ್ನ ಯಾಕ ಸಿಗಿಸ್ತೀರಿ?"

ನಾನು ತಿರುಗಿ ಬಂದು ತೀರ್ಪಿನ ಹಾಳೆ ಕೈಗೆತ್ತಿಕೊಂಡೆ. ಅದರಲ್ಲಿ ಹೋರಿಯ ವಿವರದ ಕೆಳಗೆ ಹೆಸರು ತುಂಬುವ ಎರಡು ಮನೆಗಳಿದ್ದವು. ಒಂದು ಮಾಲಿಕರದು, ಇನ್ನೊಂದು ಸಾಕಿ ಬೆಳೆಸಿದವರದು. ಹತ್ತೊಂಬತ್ತು ಹಾಳೆಗಳಲ್ಲಿ ಎರಡೂ ಕಡೆ ಒಂದೇ ಹೆಸರಿತ್ತು. ಇಲ್ಲಿಯೂ ಎರಡು ಕಡೆ ಗುಂಡೇರಾವ ಪಾಟೀಲ ಎಂದು ಮೊದಲೇ ಬರೆದಿಟ್ಟಿದ್ದರು. ನನ್ನ ಕೈಯಲ್ಲಿದ್ದದ್ದು ಅಷ್ಟೇ. ಯಾರ ಹೋರಿ ಎಂದು ಹೇಳುವ ಅಧಿಕಾರ ನನಗಿರಲಿಲ್ಲ. ಯಾರು ಬೆಳೆಸಿದರು ಎಂದು ಬರೆಯುವುದು ತೀರ್ಪುಗಾರನ ಕೆಲಸವೇ. ಆದರೆ ಸಾಕ್ಷಿಯಿಲ್ಲದೆ ಬರೆಯುವಂತಿಲ್ಲ.

"ಕಾಶೆಪ್ಪ" ಎಂದೆ. "ಇದು ನಿನ್ನ ಹೊಲಿಗೆಯೇ?"

ಅವನು ಪಾಟೀಲನನ್ನು ನೋಡಿದ. ಹುಸೇನ್ ಬೀಯನ್ನು ನೋಡಲಿಲ್ಲ. ಕೊರಳಿನ ಲಿಂಗವನ್ನು ಅಂಗಿಯ ಮೇಲಿಂದಲೇ ಒಮ್ಮೆ ಹಿಡಿದುಕೊಂಡ.

"ಹೌದ್ರಿ" ಎಂದ.

ಅವನ ಬಾಯಿಂದ ನೂರು ಸಲ ಕೇಳಿ ಬೇಸತ್ತ ಮಾತು. ಈ ಸಲ ಅದರ ಜೊತೆಗೆ 'ಅದೂ ಹೌದ್ರಿ' ಬರಲಿಲ್ಲ.

ನಾನು ಎರಡನೆಯ ಹೆಸರನ್ನು ಹೊಡೆದುಹಾಕಿ 'ಮದಾರ ಸಾಬ, ಔರಾದ' ಎಂದು ಬರೆದೆ. ಮೊದಲನೆಯ ಬಹುಮಾನವೆಂದು ಗುರುತು ಹಾಕಿ, ಹಾಳೆ ಹಿಡಿದು ಶಾಮಿಯಾನದ ಮುಂದೆ ಗಟ್ಟಿಯಾಗಿ ಓದಿದೆ. ಮದಾರ ಸಾಬನ ಹೆಸರು ಬಂದಾಗ ಜನರಲ್ಲಿ ಒಂದು ಗುಜುಗುಜು ಎದ್ದು ಅಡಗಿತು. ಚಪ್ಪಾಳೆ ಹೊಡೆಯುವುದೋ ಬಿಡುವುದೋ ಯಾರಿಗೂ ತಿಳಿಯಲಿಲ್ಲ. ಪಾಟೀಲ ಬಹುಮಾನದ ಶಾಲು ಮುಟ್ಟಲಿಲ್ಲ. ಹೋರಿಯ ಮೂಗುದಾರ ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ನಡೆದುಬಿಟ್ಟ. ಹೋರಿ ಅವನ ಹಿಂದೆ ಹೋಯಿತು. ಯಾರೂ ತಡೆಯಲಿಲ್ಲ, ನಾನೂ ತಡೆಯಲಿಲ್ಲ.

ಹುಸೇನ್ ಬೀ ನಿಂತಿದ್ದ ಜಾಗ ನೋಡಿದರೆ ಅವಳೂ ಇರಲಿಲ್ಲ. ಕಾರ್ಯದರ್ಶಿಗಳು ನನ್ನ ಜೊತೆ ಮಾತು ಬಿಟ್ಟರು. ಮಾರನೆಯ ದಿನದ ಔತಣಕ್ಕೆ ನಾನು ಉಳಿಯಬೇಕಾಗಿಲ್ಲ ಎಂದು ಜವಾನನ ಕೈಲಿ ಹೇಳಿ ಕಳಿಸಿದರು. ನೀರು, ಸೊಳ್ಳೆ, ಚಹಾಗಳನ್ನು ಸೇರಿ ಬೈದ ಸ್ನೇಹಕ್ಕೆ ಅಷ್ಟೇ ಆಯುಷ್ಯ.

ಕಮಲನಗರ, ಔರಾದ

ನನ್ನ ಊರು ದಕ್ಷಿಣಕ್ಕೆ. ಮರುದಿನ ಬೆಳಿಗ್ಗೆ ನಾನು ಕೂತದ್ದು ಉತ್ತರಕ್ಕೆ ಹೋಗುವ ರೈಲಿನಲ್ಲಿ. ಹಾಳೆಯ ಒಂದು ಪ್ರತಿಗೆ ಸಹಿ ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದೆ. ಅದನ್ನು ಹುಸೇನ್ ಬೀಗೆ ಅಂಚೆಯಲ್ಲಿ ಹಾಕಬಹುದಿತ್ತು; ಹಾಕಲು ಮನಸ್ಸು ಒಪ್ಪಲಿಲ್ಲ. ಸ್ಟೇಷನ್ನಿನಲ್ಲಿ ಕಾಶೆಪ್ಪ ನಿಂತಿದ್ದ.

"ನಾನೂ ಬರ್ತೇನಿ ಸಾಹೇಬ್ರ. ರಜಾ ಬರದು ಕೊಟ್ಟು ಬಂದೀನಿ."

"ನಿನ್ನ ತಂಗಿಗೆ ತೊಂದರೆ ಆಗೋಲ್ಲವೇನಪ್ಪ?"

"ಆಗ್ತದರಿ" ಎಂದು ನನ್ನ ಪೆಟ್ಟಿಗೆ ಎತ್ತಿಕೊಂಡ.

ಕಮಲನಗರದಲ್ಲಿ ಇಳಿದು ಎತ್ತಿನ ಗಾಡಿ ಹಿಡಿದೆವು. ಸ್ಟೇಷನ್ನಿನ ಹೊರಗೆ ಅರ್ಧ ಜನ ಮರಾಠಿ, ಅರ್ಧ ಜನ ಕನ್ನಡ; ಗಾಡಿಯವನು ಎತ್ತಿನ ಜೊತೆ ಮರಾಠಿಯಲ್ಲೂ ನಮ್ಮ ಜೊತೆ ಕನ್ನಡದಲ್ಲೂ ಜಗಳವಾಡಿದ. ದಾರಿಯುದ್ದಕ್ಕೂ ಕರಿ ನೆಲ, ಬಿಳಿ ಜೋಳ. ಒಂದು ಹಳ್ಳದಲ್ಲಿ ಗಾಲಿ ಹೂತು, ನಾನು ಮೈಸೂರಿನಿಂದ ಹಾಕಿಕೊಂಡು ಬಂದ ಬೂಟುಗಳ ಸಮೇತ ಇಳಿದು ನೂಕಿದೆ. ಒಂದು ಬೂಟು ಅಲ್ಲೇ ಉಳಿಯಿತು. ಅದನ್ನು ಬೈಯಲೂ ನನಗೆ ಉತ್ಸಾಹವಿರಲಿಲ್ಲ. ಔರಾದದ ಮನೆಗಳು ಕಂಡಾಗ ಕಾಶೆಪ್ಪ, "ಮದಾರ ಸಾಬ ನನಗ ಹರಾಮಿ ಅಂತ ಬೈತಿದ್ದರಿ, ಸಲಿಗಿಯಿಂದ. ಉಣ್ಣಾಕ ಕರದು ಬೈತಿದ್ದ" ಎಂದ.

ಹುಸೇನ್ ಬೀಯ ಮನೆಯ ಮುಂದೆ ಎರಡು ಆಕಳು ಕಟ್ಟಿದ್ದವು. ಅವಳು ಸಗಣಿ ತೆಗೆಯುತ್ತಿದ್ದಳು. ನಮ್ಮನ್ನು ನೋಡಿ ಕೈ ತೊಳೆದುಕೊಂಡು ಸೆರಗು ಸರಿಮಾಡಿಕೊಂಡಳು. ನಾನು ಒಂದೇ ಕಾಲಿಗೆ ಬೂಟು ಹಾಕಿಕೊಂಡು ನಿಂತದ್ದನ್ನು ನೋಡಿದಳು. ಕಾಶೆಪ್ಪನ ಕಡೆ ತಿರುಗಿದಳು.

"ಇಷ್ಟು ದಿನದಾಗ ಈ ಓಣಿಗಿ ಒಮ್ಮೆನೂ ಬರಲಿಲ್ಲ ಅಣ್ಣ."

"ಹ್ಯಾಂಗ ಬರ್ಲಿ ತಂಗಿ?" ಎಂದ ಕಾಶೆಪ್ಪ.

ನಾನು ಹಾಳೆ ತೆಗೆದು ಅವಳ ಕೈಗೆ ಕೊಟ್ಟೆ. ಹೋರಿಯನ್ನು ಕೊಡಿಸಲು ನನ್ನಿಂದ ಆಗಲಿಲ್ಲ, ಬೇಕಾದರೆ ಕಚೇರಿಗೆ ಅರ್ಜಿ ಬರೆದುಕೊಡುತ್ತೇನೆ ಎಂದೆ. ನನ್ನ ಮಾತು ನನಗೇ ಆ ಮೈದಾನದ ಭಾಷಣಗಳಂತೆ ಕೇಳಿಸಿತು.

"ಹೋರಿ ಕೊಡ್ತಾರಂತ ನಾ ಬಂದಿದ್ದಿಲ್ರಿ" ಎಂದಳು. "ಪಾಟೀಲ್ರು ಅದನ್ನ ಚೆಂದ ಇಟ್ಟಾರ. ಮೈ ನೋಡಿದ್ರ ತಿಳೀತದ. ನನ್ನ ಗಂಡನ ಸಲುವಾಗಿ ನಾಕು ಕಚೇರಿ ತಿರುಗೀನಿ ನಾ. ಸತ್ತಾರಂತ ಬರಕೊಳ್ರಿ ಅಂದ್ರ ಹೆಣ ಎಲ್ಲದ ಅಂತಾರ. ಇಲ್ಲ, ಕಾಣೆ ಆಗ್ಯಾರಂತ ಬರಕೊಳ್ರಿ ಅಂದ್ರ, ಓಡಿ ಹೋಗ್ಯಾನ ಬಿಡು ಅಂತಾರ. ಅವರ ಹೆಸರು ಯಾರೂ ಬರಕೊಳ್ಳಲಿಲ್ಲ." ಹಾಳೆಯನ್ನು ಅಂಗೈ ಮೇಲೆ ಹರಡಿ ನೋಡಿದಳು. "ಇದ್ರಾಗ ಅದ ಏನ್ರಿ?"

"ಇದೆಯಮ್ಮ."

ಅವಳು ಅದನ್ನು ನನ್ನ ಕೈಗೆ ಕೊಡಲಿಲ್ಲ. ಕಾಶೆಪ್ಪನ ಮುಂದೆ ಹಿಡಿದಳು. "ನೀ ಓದು ಅಣ್ಣ."

ಕಾಶೆಪ್ಪ ನಿಜಾಮರ ಶಾಲೆಯಲ್ಲಿ ಉರ್ದು ಕಲಿತವನು. ತನ್ನ ತಾಯಿಯ ಮಾತಾದ ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಬೇಕಾಗಿತ್ತು. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿಟ್ಟು, "ಸಾಕಿ... ಬೆಳಿಸಿದವರು..." ಎಂದ. ಆಮೇಲೆ "ಮ... ದಾ... ರ..." ಎಂದ. "ಸಾಬ" ಎಂದು ಬೆರಳನ್ನು ಆ ಹೆಸರಿನ ಮೇಲೆಯೇ ಇಟ್ಟುಕೊಂಡ.

"ಇನ್ನೊಮ್ಮೆ ಓದು" ಎಂದಳು.

ಅವನು ಇನ್ನೊಮ್ಮೆ ಓದಿದ. ಈ ಸಲ ಕೂಡಿಸಲಿಲ್ಲ, ಒಂದೇ ಉಸಿರಿಗೆ ಹೇಳಿದ. ಅವಳು ಹಾಳೆ ಮಡಿಸಿ ಒಳಗಿಟ್ಟು ಬಂದು, ಹೊಸ್ತಿಲ ಹತ್ತಿರ ಎರಡು ಚಾಪೆ ಹಾಸಿ, ರೊಟ್ಟಿ ಮಾಡಲು ಒಲೆ ಹೊತ್ತಿಸಿದಳು.